ನಿನ್ನನ್ನು ಹುಡುಕಲು ಹೋದ ಬೆಂಡೋಲೆ

ನಿಗಡಿ, ಪುಣೆ
ನವೆಂಬರ್ ೧೯೮೬

ಚಿರಂಜೀವಿ ದ್ರಾಕ್ಷಿಗೆ,

ನಿನ್ನ ತಂದೆ ಗೂಳಪ್ಪ ಬರೆಯುವುದೇನೆಂದರೆ, ಮೊದಲ ಸಾಲಿನಲ್ಲೇ ಪೆನ್ನು ಎಡವಿತು. ಹೆಸರಿನ ಮುಂದೆ ಚಿರಂಜೀವಿ ಎಂದು ಹಾಕಬೇಕೋ ಕುಮಾರಿ ಎಂದು ಹಾಕಬೇಕೋ ತಿಳಿಯಲಿಲ್ಲ. ನೀನು ಗಂಡಲ್ಲ, ಹೆಣ್ಣಲ್ಲ. ಡಾಕ್ಟರಬಾಯಿಯ ಪ್ರಕಾರ ಮಗುವೇ ಅಲ್ಲ. ಬಹಳ ಯೋಚಿಸಿ ಚಿರಂಜೀವಿಯೇ ಸರಿ ಎಂದುಕೊಂಡೆ. ನಮ್ಮ ಜನ ಸಿಕ್ಕ ಸಿಕ್ಕ ಮಕ್ಕಳಿಗೆಲ್ಲ ಈ ಬಿರುದು ಹಂಚುತ್ತಾರೆ, ಅದು ಯಾರಿಗೂ ನಿಜವಾಗಿ ಒಪ್ಪುವುದಿಲ್ಲ. ನಿನಗೆ ಒಪ್ಪುತ್ತದೆ. ಇಲ್ಲಿಯ ಒಂದು ಮೆಡಿಕಲ್ ಕಾಲೇಜಿನ ಕಪಾಟಿನಲ್ಲಿ, ಗಾಜಿನ ಭರಣಿಯೊಳಗೆ, ಫಾರ್ಮಲಿನ್ ಎಂಬ ಘಾಟು ನೀರಿನಲ್ಲಿ ಕುಳಿತಿರುವ ನೀನು ಕೊಳೆಯುವುದಿಲ್ಲ, ಬಾಡುವುದಿಲ್ಲ. ನಾವೆಲ್ಲ ಹೋದ ಮೇಲೂ ಇರುತ್ತೀ. ನಮ್ಮ ಮನೆತನದಲ್ಲಿ ಮೆಡಿಕಲ್ ಕಾಲೇಜಿನೊಳಗೆ ಜಾಗ ಸಿಕ್ಕಿದ್ದು ನಿನಗೆ ಮಾತ್ರ. ಈ ವಿಷಯವನ್ನು ಊರಿನಲ್ಲಿ ಹೇಳಿಕೊಳ್ಳುವಂತಿಲ್ಲ ಎಂಬುದೊಂದು ಕೊರತೆ.

ನಾನು ಚಿಂಚವಡದ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತ. ಜೊತೆಗೆ ವಾರಕ್ಕೊಮ್ಮೆ ಹುಬ್ಬಳ್ಳಿಯ ಪತ್ರಿಕೆಗೆ ನಗೆ ಅಂಕಣ ಬರೆದು ಕಳಿಸುತ್ತೇನೆ. ಪುಣೆಯ ಸೊಳ್ಳೆ, ಪುಣೆಯ ಸೈಕಲ್ಲು, ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗುವ ಪುಣೆಯ ವ್ಯಾಪಾರಿ, ಹೀಗೆ ಯಾರ ಮೇಲೂ ಬರೆಯಬಲ್ಲೆ. ನಿನ್ನ ಮೇಲೆ ಮಾತ್ರ ಬರೆಯಲಾಗಲಿಲ್ಲ. ನಿನ್ನ ಕಥೆ ಎಂದರೆ ನಿನ್ನ ತಾಯಿ ಉಳಿಯುತ್ತಾಳೋ ಇಲ್ಲವೋ ಎಂಬ ಕಥೆ. ಅದು ಮುಗಿಯುವ ತನಕ ನಗೆಯೂ ಕೂಡಲಿಲ್ಲ, ಅಳುವೂ ಕೂಡಲಿಲ್ಲ. ಈಗ ಮುಗಿದಿದೆ. ಅದಕ್ಕೇ ನಿನಗೊಂದು ಪತ್ರ.

ನಿನ್ನ ತಾಯಿ ನಾಗವ್ವ ಇಂಡಿ ಕಡೆಯವಳು. ಮದುವೆಯಾಗಿ ಬಹಳ ವರ್ಷ ನಮಗೆ ಮಕ್ಕಳಿರಲಿಲ್ಲ. ಹರಕೆ, ಉಪವಾಸ, ಆಳಂದಿಯ ಪ್ರದಕ್ಷಿಣೆ ಎಲ್ಲ ಆಗಿತ್ತು. ಸಲಹೆ ಕೊಡದೆ ಉಳಿದವರೆಂದರೆ ಹಾಲಿನವನೊಬ್ಬನೇ. ಅವನೂ ಒಂದು ದಿನ ಬಾಯಿ ತೆರೆದ, ನಾನು ಹಾಲು ಬದಲಾಯಿಸಿದೆ. ನಾಗವ್ವನ ತಮ್ಮ ಸಿದ್ದಲಿಂಗಪ್ಪ, ಅಂದರೆ ನಿನ್ನ ಸೋದರಮಾವ ಸಿದ್ದು, ಎಂ.ಎಸ್ಸಿ. ಮುಗಿಸಿ ಪುಣೆಯ ಪ್ರಯೋಗಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿ ನಮ್ಮ ಮನೆಯಲ್ಲೇ ಇದ್ದ. ಅಕ್ಕ ಮಾಡಿದ ರೊಟ್ಟಿ ತಿಂದು, ಅಕ್ಕ ಒಗೆದ ಅಂಗಿ ತೊಟ್ಟು, ದಿನವೂ ಆಕುರ್ಡಿ ಸ್ಟೇಷನ್ನಿನಿಂದ ಲೋಕಲ್ ಗಾಡಿ ಹಿಡಿದು ವಿಜ್ಞಾನ ಮಾಡಲು ಹೋಗುತ್ತಿದ್ದ.

ಒಂದು ದಿನ ಊಟಕ್ಕೆ ಕುಳಿತಾಗ ಅವನು ಗಂಭೀರವಾಗಿ ಹೇಳಿದ: "ಮಾಮಾ, ಬಂಗಾರದ ಬಣ್ಣ ಹಳದಿ ಅಲ್ರಿ. ಭಾಳ ಭಾಳ ಸಣ್ಣ ಮಾಡಿದ್ರ ಅದು ಕೆಂಪ."

"ಸಣ್ಣ ಮಾಡೂದು ಯಾಕ? ಒಯ್ದು ಮಾರಿ ನೋಡು. ನಿಮ್ಮ ಅಕ್ಕನ ಕಣ್ಣ ಕೆಂಪ ಆಗತಾವ" ಎಂದೆ.

ಅವನು ನಗಲಿಲ್ಲ. ಅವನ ಕೆಲಸವೇ ಅದಾಗಿತ್ತು. ಬಂಗಾರವನ್ನು ಆಮ್ಲದಲ್ಲಿ ಕರಗಿಸಿ, ನೀರು ಕುದಿಸಿ, ನಿಂಬೆಹುಳಿಯ ಜಾತಿಯ ಒಂದು ಲವಣ ಹಾಕಿದರೆ ಆ ನೀರು ಮೊದಲು ಬೂದಿಯಾಗಿ, ಆಮೇಲೆ ಕಪ್ಪಾಗಿ, ಕೊನೆಗೆ ದಾಳಿಂಬೆ ರಸದಂತೆ ಕೆಂಪಗಾಗುತ್ತದೆ. ಅದರೊಳಗೆ ಬಂಗಾರದ ಕಣಗಳು ತೇಲುತ್ತಿರುತ್ತವೆ. ಒಂದು ಸಾಸಿವೆಯನ್ನು ಅಷ್ಟು ಸಣ್ಣಗೆ ಒಡೆದರೆ ಇಡೀ ಪುಣೆಗೆ ಹಂಚಿಯೂ ಉಳಿಯುತ್ತದಂತೆ. ಬಸುರಾದ ಹೆಂಗಸಿನ ಮೂತ್ರದಲ್ಲಿ ಮಾತ್ರ ಕಾಣುವ ಒಂದು ವಸ್ತುವಿದೆ. ಅದನ್ನು ಗುರುತಿಸಿ ಹಿಡಿಯುವ ಇನ್ನೊಂದು ವಸ್ತುವನ್ನು ಮೊಲದ ರಕ್ತದಿಂದ ತೆಗೆದು ಈ ಕಣಗಳಿಗೆ ಅಂಟಿಸುತ್ತಾರೆ. ಸಿದ್ದು ಅದಕ್ಕೆ 'ಕೈ' ಎನ್ನುತ್ತಿದ್ದ. ಬಂಗಾರದ ಒಂದೊಂದು ಕಣಕ್ಕೂ ಕೈಗಳು. ಆ ವಸ್ತು ಸಿಕ್ಕರೆ ಕಣಗಳೆಲ್ಲ ಅದನ್ನು ಹಿಡಿದುಕೊಂಡು ಗುಂಪುಗೂಡುತ್ತವೆ. ಗುಂಪುಗೂಡಿದ ಬಂಗಾರ ಕೆಂಪಾಗಿರುವುದಿಲ್ಲ, ನೀಲಿಯಾಗುತ್ತದೆ. ಸಿಗದಿದ್ದರೆ ಒಂಟಿ ಒಂಟಿಯಾಗಿ ಕೆಂಪಗೇ ಉಳಿಯುತ್ತದೆ. ನೀಲಿ ಎಂದರೆ ಬಸುರು, ಕೆಂಪು ಎಂದರೆ ಇಲ್ಲ. ಹೊರದೇಶದಲ್ಲಿ ಇದನ್ನು ಮಾಡಿಯಾಗಿದೆ, ನಾವೂ ಮಾಡಬೇಕು ಎಂದು ಅವನ ಸಾಹೇಬರು ಹಟ ಹಿಡಿದಿದ್ದರು.

ಆದರೆ ಹೊರಗಿನಿಂದ ಬರಬೇಕಾದ ಬಂಗಾರದ ಲವಣ ಮುಂಬೈ ಬಂದರಿನಲ್ಲಿ ಸಿಕ್ಕಿಬಿದ್ದಿತ್ತು. ಸಿದ್ದು ಊಟ ಬಿಟ್ಟ. ಎರಡು ಹೊತ್ತು ನೋಡಿದ ನಾಗವ್ವ ಮೂರನೆಯ ಹೊತ್ತಿಗೆ ಟ್ರಂಕು ತೆಗೆದು, ಜೊತೆಯದು ಕಳೆದುಹೋಗಿ, ತಿರುಪು ಮುರಿದು ಮೂಲೆ ಸೇರಿದ್ದ ತನ್ನದೊಂದು ಬೆಂಡೋಲೆ ತಂದು ಅವನ ತಾಟಿನ ಪಕ್ಕದಲ್ಲಿಟ್ಟಳು.

"ತಗೋ. ಒಂದ ಕಿವಿಗಿ ಹಾಕ್ಕೊಂಡು ತಿರುಗಾಕ ಬರೂದಿಲ್ಲ. ಕಿವ್ಯಾಗ ಇದ್ದ ಬಂಗಾರ, ಚಲೋ ಸುದ್ದಿ ಕೇಳೇ ಕೇಳತದ."

ರವಿವಾರ ಪೇಟೆಯ ಪತ್ತಾರ ಅದನ್ನು ಕರಗಿಸಿ ಚೊಕ್ಕ ಮಾಡಿಕೊಟ್ಟ. ಹೀಗೆ, ದ್ರಾಕ್ಷಿ, ನೀನು ಬರುವ ಮೊದಲೇ ನಿನ್ನ ತಾಯಿಯ ಕಿವಿಯ ಓಲೆ ಪುಡಿಯಾಗಿ, ಕೆಂಪಾಗಿ, ಕೋಟಿ ಕೈ ಚಾಚಿಕೊಂಡು ನಿನ್ನನ್ನು ಹುಡುಕಲು ಹೊರಟಿತ್ತು.

ಅದು ಸಿದ್ಧವಾದ ಹೊಸದರಲ್ಲೇ ನಾಗವ್ವನ ತಿಂಗಳು ತಪ್ಪಿತು. ತಮ್ಮನ ಕೈಯಲ್ಲಿ ಸೀಸೆ ಕೊಡಲು ಆಕೆಗೆ ನಾಚಿಕೆ. ಇಸಿದುಕೊಳ್ಳಲು ಅವನಿಗೂ ನಾಚಿಕೆ. ಮಧ್ಯವರ್ತಿಯಾಗಿ ನಾನು ಆ ಸೀಸೆಯನ್ನು ಒಳಮನೆಯಿಂದ ಹೊರಮನೆಗೆ ಸಾಗಿಸಿದೆ. ಜೀವನದಲ್ಲಿ ನಾನು ವಿಜ್ಞಾನಕ್ಕೆ ಕೊಟ್ಟ ಕಾಣಿಕೆ ಅಷ್ಟೇ. ಸಂಜೆ ಸಿದ್ದು ಬಾಗಿಲಲ್ಲೇ ನಿಂತ. ನಾಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅಕ್ಕಾ, ನೀಲಿ."

ಆಕೆ ತಲೆ ಎತ್ತಲಿಲ್ಲ. ಒಂದು ಹರಳು ಆರಿಸಿ ಹೊರಗೆಸೆದು, "ಇನ್ನೊಮ್ಮೆ ಅನ್ನು" ಎಂದಳು.

ಅವನು ಇನ್ನೊಮ್ಮೆ ಅಂದ. ಆಕೆ ಮತ್ತೊಂದು ಸಲ ಅನ್ನಿಸಿಕೊಂಡಳು. ಆ ದಿನ ನಮ್ಮ ರೊಟ್ಟಿಯಲ್ಲಿ ಹರಳಿದ್ದವು, ಯಾರೂ ದೂರಲಿಲ್ಲ.

ಮುಂದಿನದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ನಾವು ಎಡವಿದ್ದು ಅಲ್ಲೇ. ಪರೀಕ್ಷೆ ಸರಿಯಾಗಿದೆಯೋ ಇಲ್ಲವೋ ನೋಡಲು ಪ್ರಯೋಗಶಾಲೆಗೆ ಒಂದು ಖಾತ್ರಿಯಾದ ಮಾದರಿ ಬೇಕು. ಅಂಗಡಿಯಲ್ಲಿ ತೂಕದ ಕಲ್ಲು ಇರುತ್ತದಲ್ಲ, ಹಾಗೆ. ಉಳಿದವರ ಸೀಸೆಗಳನ್ನೆಲ್ಲ ಅದಕ್ಕೆ ಹೋಲಿಸಿ ತೂಗಬೇಕು. ಸಿದ್ದು ತನ್ನ ಅಕ್ಕನನ್ನೇ ಕಲ್ಲು ಮಾಡಿಕೊಂಡ. ಅಕ್ಕನಿಗಿಂತ ಖಾತ್ರಿಯಾದದ್ದು ಅವನಿಗೆ ಈ ಲೋಕದಲ್ಲಿ ಯಾವುದಿತ್ತು? ತಾಯಿ ಸತ್ತ ಮೇಲೆ ಅವನನ್ನು ಬೆಳೆಸಿದವಳೇ ಆಕೆ. ದಿನ ಬೆಳಗಾದರೆ ಊಟದ ಡಬ್ಬಿಯ ಕೆಳಗಿನ ಖಾನೆಯಲ್ಲಿ ನಿನ್ನ ತಾಯಿಯ ಸೀಸೆ, ಮೇಲಿನದರಲ್ಲಿ ಬದನೆಕಾಯಿ ಪಲ್ಯ. ಲೋಕಲ್ ಗಾಡಿಯಲ್ಲಿ ದಿನವೂ ಜೊತೆಗೆ ಕೂರುವ ಮರಾಠಿ ಗೃಹಸ್ಥನೊಬ್ಬ "ಖಾಲಚ್ಯಾ ಡಬ್ಯಾತ ಕಾಯ?" ಎಂದು ಕೆಳಗಿನ ಡಬ್ಬಿಯ ಸಮಾಚಾರ ವಿಚಾರಿಸಿದಾಗ ಸಿದ್ದು "ಸರಬತ್" ಎಂದುಬಿಟ್ಟನಂತೆ. ಆ ಗೃಹಸ್ಥ ಸಂಕೋಚದ ಮನುಷ್ಯ, ಕೇಳಿ ಕುಡಿಯುವ ಪೈಕಿ ಅಲ್ಲ ಎಂಬುದು ದೇವರ ದಯೆ. ಯಾರ ಸೀಸೆ, ಏಕೆ ಎಂದು ಹೇಳದೆ ಇದನ್ನು ನಾನು ಅಂಕಣದಲ್ಲಿ ಬರೆದೆ. ಹುಬ್ಬಳ್ಳಿ ಧಾರವಾಡ ಎರಡೂ ನಕ್ಕವು.

ಪರೀಕ್ಷೆಯಲ್ಲಿ ಇನ್ನೊಂದು ಕ್ರಮವಿತ್ತು. ಸೀಸೆಯಲ್ಲಿದ್ದದ್ದಕ್ಕೆ ನೀರು ಬೆರೆಸುತ್ತ ಹೋಗುವುದು, ಎಷ್ಟು ತೆಳುವಾದರೂ ಬಂಗಾರ ಗುರುತಿಸುತ್ತದೆ ಎಂದು ನೋಡುವುದು. ಬೇರೆ ಬಸುರಿಯರದು ಒಂದಿಷ್ಟು ನೀರಿಗೆ ಕೆಂಪಗೇ ಉಳಿಯುತ್ತಿತ್ತು. ನಾಗವ್ವನದು ಉಳಿಯಲಿಲ್ಲ. ಎಷ್ಟು ನೀರು ಹಾಕಿದರೂ ನೀಲಿ.

"ಮಾಮಾ, ನಮ್ಮ ಅಕ್ಕನ ಬಂಗಾರ ಏನ್ ಚುರುಕ ಅದರಿ! ಒಂದ ಹನಿ ಒಯ್ದು ಕೊಡ ನೀರಿಗಿ ಹಾಕಿದ್ರೂ ನೀಲಿ!"

ಎಲ್ಲವನ್ನೂ ಆ ಕಲ್ಲಿನಿಂದಲೇ ತೂಗುತ್ತಿದ್ದುದರಿಂದ ಕಲ್ಲೇ ಭಾರವಾಗಿದೆ ಎಂದು ಅವನಿಗೆ ಹೊಳೆಯಲಿಲ್ಲ. ಬದಲಿಗೆ ಉಳಿದ ಹೆಂಗಸರೆಲ್ಲ ಹಗುರಾಗಿ ಕಂಡರು. ಜೊತೆಯವನೊಬ್ಬನ ಹೆಂಡತಿಯದು ಬೇಗ ಕೆಂಪಾಯಿತೆಂದು "ಪಾಪ, ಆ ಬಾಯಿದು ನಿಲ್ಲೂದು ಕಠಿಣ ಅದ" ಎಂದು ಮರುಗಿದ್ದ. ಆ ಬಾಯಿ ತಕ್ಕ ಕಾಲಕ್ಕೆ ದುಂಡನೆಯ ಮಗುವನ್ನು ಹೆತ್ತಳು. ಈಗ ಅದು ಅವರ ಗ್ಯಾಲರಿಯಲ್ಲಿ ಓಡಾಡಿ ಹೂಕುಂಡ ಬೀಳಿಸುತ್ತದೆ.

ಇತ್ತ ನಾಗವ್ವನ ಹೊಟ್ಟೆ ತಿಂಗಳಿಗೆ ಮೀರಿ ಬೆಳೆಯಿತು. ನೀರು ಕುಡಿದರೂ ವಾಂತಿ. ಪಕ್ಕದ ಮನೆಯ ಕಾಶವ್ವ ನಮ್ಮ ಕಡೆಯವಳೇ, ಗಂಡ ಪಿಂಪ್ರಿಯ ಕಾರ್ಖಾನೆಯಲ್ಲಿ. ಈ ಓಣಿಯ ಬಾಣಂತನಗಳಿಗೆಲ್ಲ ಆಕೆ ಮುಖ್ಯಮಂತ್ರಿ. ಬಂದು ಹೊಟ್ಟೆ ಸವರಿ ತೀರ್ಪು ಕೊಟ್ಟಳು: "ಇದು ಒಂದಲ್ಲ ತಂಗಿ, ಎರಡದಾವ. ನೋಡಕೋತ ಇರು, ಅವಳಿ-ಜವಳಿ!" ಓಣಿಯ ಡಾಕ್ಟರು ವಾಂತಿಗೆ ಗುಳಿಗೆ ಕೊಟ್ಟರು. ದೊಡ್ಡ ಆಸ್ಪತ್ರೆಗೆ ತೋರಿಸೋಣವೇ ಎಂದರೆ ನಾಗವ್ವನೇ ಒಪ್ಪಲಿಲ್ಲ. "ನನ್ನ ಬಂಗಾರನೇ ಹೇಳೇದ. ಡಾಕ್ಟರ್ ಇನ್ನೇನ್ ಹೆಚ್ಚಿಂದು ಹೇಳತಾರ?" ಎಂದಳು. ನಾವೂ ಹಾಗೇ ತಿಳಿದೆವು. ಸಿದ್ದು ಎರಡು ಹೆಸರು ಹುಡುಕತೊಡಗಿದ. ನಾನು ಎರಡು ತೊಟ್ಟಿಲು ಈ ಕೋಣೆಯಲ್ಲಿ ಹಿಡಿಯುವುದಾದರೆ ನಾನೆಲ್ಲಿ ಹಿಡಿಯಬೇಕು ಎಂದು ಅಳತೆ ಮಾಡಿದೆ.

ಕುಬಸದ, ಅಂದರೆ ಸೀಮಂತದ, ತಯಾರಿ ನಡೆದಿತ್ತು. ಹಸಿರು ಇಳಕಲ್ ಸೀರೆ ಬಂದಿತ್ತು. ಬಳೆಗಾರ ನಮ್ಮ ಪಡಸಾಲೆಯಲ್ಲಿ ಕುಳಿತು ನಾಗವ್ವನ ಕೈಗೆ ಹಸಿರು ಬಳೆ ಏರಿಸುತ್ತಿದ್ದ. ಒಂದು ಕೈಯದು ಮುಗಿದು ಇನ್ನೊಂದು ಕೈ ಚಾಚುವಾಗ ಆಕೆ ಸುಮ್ಮನೆ ಗೋಡೆಗೆ ಒರಗಿದಳು. ಕೂತಲ್ಲಿ ನೆಲ ಒದ್ದೆಯಾಗಿತ್ತು. ಬಂಗಾರದ ನೀರಿನ ಕೆಂಪಲ್ಲ ಅದು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಲು ನರ್ಸ್ ಆ ಬಳೆಗಳನ್ನು ಒಡೆದು ತೆಗೆದಳು. ಬಳೆಗಾರ ಉಳಿದ ಅರ್ಧ ಡಜನ್ ಬಳೆ ನಮ್ಮ ಹೊಸ್ತಿಲ ಮೇಲಿಟ್ಟು ಹೇಳದೆ ಹೋಗಿದ್ದ.

ಡಾಕ್ಟರಬಾಯಿ ಗಿಡ್ಡ ಹೆಂಗಸು, ದಪ್ಪ ಕನ್ನಡಕ. ಹೊಟ್ಟೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು, ಎದೆಬಡಿತ ಸಿಗಲಿಲ್ಲ. ಮೂತ್ರದ ಪರೀಕ್ಷೆ ಮಾಡಿಸಿದ್ದೀರಾ ಎಂದರು. ಸಿದ್ದು ಮುಂದೆ ಬಂದ. ಅಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಹೆಮ್ಮೆಯಿತ್ತು. ನೂರು ಪಾಲು ನೀರು ಹಾಕಿದರೂ ನೀಲಿ, ಸಾವಿರ ಪಾಲು ಹಾಕಿದರೂ ನೀಲಿ ಎಂದ. ಆಕೆ ಕನ್ನಡಕ ತೆಗೆದು ಅವನನ್ನೇ ನೋಡಿದರು.

"ಆಣಿ ತುಮ್ಹಾಲಾ ಕಾಹೀ ವಾಟಲಂ ನಾಹೀ?"

ನಿಮಗೆ ಏನೂ ಅನ್ನಿಸಲಿಲ್ಲವೇ, ಎಂದು. ಬೈಗುಳವಾಗಿರಲಿಲ್ಲ, ಬರೀ ಪ್ರಶ್ನೆ. ಮುಂದೆ ಬಂದಿದ್ದ ಸಿದ್ದು ಎರಡು ಹೆಜ್ಜೆ ಹಿಂದೆ ಸರಿದ.

ನೀನು ದ್ರಾಕ್ಷಿ ಗರ್ಭ. ಮಗುವಿಗೆ ಅನ್ನ ಒದಗಿಸಬೇಕಾದ ಮಾಸು ತಾನೇ ಉಬ್ಬಿ ಉಬ್ಬಿ ಗೊಂಚಲಾಗುತ್ತದಂತೆ, ಒಳಗೆ ಮಗು ಇರುವುದಿಲ್ಲ. ವಾಲಗ, ಪಟಾಕಿ, ಪೆಟ್ರೋಮ್ಯಾಕ್ಸು ಎಲ್ಲ ಇದ್ದು ಮದುಮಗನೇ ಇಲ್ಲದ ಮೆರವಣಿಗೆ ನೀನು. ಬೆಂಡೋಲೆ ಪಾಪ ಸುಳ್ಳು ಹೇಳಿರಲಿಲ್ಲ. ವಾಲಗ ಕೇಳುತ್ತದೆಯೋ ಎಂದು ನಾವು ಕೇಳಿದ್ದೆವು, ಕೇಳುತ್ತದೆ ಎಂದಿತ್ತು. ಕುದುರೆಯ ಮೇಲೆ ಯಾರಿದ್ದಾರೆ ಎಂಬುದು ಅದಕ್ಕೆ ಗೊತ್ತಾಗುವಂತಿರಲಿಲ್ಲ. ವಾಲಗ ಅಷ್ಟು ಜೋರಾಗಿದ್ದದ್ದೇ ಅಪಶಕುನ ಎಂದು ನಮಗೆ ತಿಳಿಯಬೇಕಿತ್ತು. ನಾವು ಕುಣಿಯುತ್ತಿದ್ದೆವು.

ನಿನ್ನನ್ನು ತೆಗೆದರು. ಇಷ್ಟು ದೊಡ್ಡದು, ಇಷ್ಟು ಚೊಕ್ಕವಾಗಿ ಸಿಕ್ಕಿದ್ದು ಅಪರೂಪ, ವಿದ್ಯಾರ್ಥಿಗಳಿಗೆ ಇಟ್ಟುಕೊಳ್ಳುತ್ತೇವೆ ಎಂದು ಡಾಕ್ಟರಬಾಯಿ ಅನುಮತಿ ಕೇಳಿದರು. ನಾನು ಸಹಿ ಹಾಕಿದೆ. ಮಗುವನ್ನು ಶಾಲೆಗೆ ಸೇರಿಸಿದ ಅಪ್ಪನ ಸಹಿ.

ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆವು. ಡಾಕ್ಟರಬಾಯಿ ಕೂರಿಸಿ ಹೇಳಿದರು: ಇದರ ಒಂದು ಚೂರು ಒಳಗೆ ಉಳಿದಿದ್ದರೂ ಹೊಲದ ಕರಿಕೆ ಹುಲ್ಲಿನ ಹಾಗೆ ಹಬ್ಬುತ್ತದೆ. ಎದೆಗೆ ಹೋಗುತ್ತದೆ, ತಲೆಗೆ ಹೋಗುತ್ತದೆ. ಹಾಗಾದರೆ ಈಕೆ ಉಳಿಯುವುದು ಕಷ್ಟ. ಉಳಿದಿದೆಯೋ ಇಲ್ಲವೋ ತಿಳಿಯುವ ದಾರಿ ಒಂದೇ, ವಾರ ವಾರ ಅದೇ ಪರೀಕ್ಷೆ. ಇನ್ನು ಮೇಲೆ ನಮಗೆ ಬೇಕಾದದ್ದು ಕೆಂಪು.

ದೇವರಿಗೂ ಗಲಿಬಿಲಿಯಾಗಿರಬೇಕು. ಅದೇ ಗಂಡಹೆಂಡತಿ, ಅದೇ ತೆಂಗಿನಕಾಯಿ. ಮೊನ್ನೆ ನೀಲಿ ಕೊಡು ಎಂದು ಒಡೆದವರು ಇವತ್ತು ಕೆಂಪು ಕೊಡು ಎಂದು ಒಡೆಯುತ್ತಿದ್ದಾರೆ. ಇಷ್ಟು ದಿನ ನಿನ್ನನ್ನು ಬಾ ಬಾ ಎಂದು ಕರೆದವನು ಪ್ರತಿ ಸೋಮವಾರ ಕೈಮುಗಿದು ನಿನ್ನ ಕುರುಹೂ ಉಳಿಯದಿರಲಿ ಎಂದು ಬೇಡಿಕೊಂಡೆ. ಯಾವ ಅಪ್ಪನೂ ಬೇಡಬಾರದ್ದನ್ನು ಬೇಡಿದೆ. ನೀನು ಕೇಳಿಸಿಕೊಳ್ಳಲಿಲ್ಲ, ಹಟದಲ್ಲಿ ಮಾತ್ರ ನಮ್ಮ ಮನೆಯದೇ ಮಗು.

ಸೋಮವಾರ ಸಂಜೆ ನಾನು ಆಕುರ್ಡಿ ಸ್ಟೇಷನ್ನಿನಲ್ಲಿ ಕಾಯುತ್ತಿದ್ದೆ. ಸಿದ್ದು ಗಾಡಿಯಿಂದ ಇಳಿಯುವಾಗಲೇ ಅವನ ಕುತ್ತಿಗೆ ಬಗ್ಗಿರುತ್ತಿತ್ತು. ನೀಲಿ. ಮತ್ತೆ ನೀಲಿ. ಎದೆಯ ಕ್ಷ-ಕಿರಣದಲ್ಲಿ ಬಿಳಿ ಚುಕ್ಕೆಗಳು ಕಂಡವು. ನಾಗವ್ವನನ್ನು ಮುಂಬೈಗೆ ಕರೆದೊಯ್ದೆವು. ಗರ್ಭಚೀಲವನ್ನೇ ತೆಗೆದರು. ಆಮೇಲೆ ಸೂಜಿಗಳು. ಬಾಯೆಲ್ಲ ಹುಣ್ಣಾಗಿ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೂ ನುಂಗಲಾಗುತ್ತಿರಲಿಲ್ಲ. ತಲೆಗೂದಲು ದಿಂಬಿನ ಮೇಲೆ ಗುಪ್ಪೆ ಗುಪ್ಪೆಯಾಗಿ ಉಳಿಯುತ್ತಿತ್ತು. ನಾನು ಅದನ್ನು ಆಕೆ ಏಳುವ ಮೊದಲೇ ಆರಿಸಿ ಕಾಗದದಲ್ಲಿ ಸುತ್ತಿ ಎಸೆಯುತ್ತಿದ್ದೆ. ಒಂದು ಮುಂಜಾನೆ ಆಕೆ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಕದಿಯಾಕ ಏನೂ ಉಳಿದಿಲ್ಲ, ಬಿಡ್ರಿ. ಜಡಿ ಹೆಣಕೊಳ್ಳೂ ತ್ರಾಸ ತಪ್ಪಿತು." ಆ ವಾರ ಪತ್ರಿಕೆಗೆ ಮುಂಬೈಯ ಪಾರಿವಾಳಗಳ ಬಗ್ಗೆ ಬರೆದು ಕಳಿಸಿದೆ. ಸಂಪಾದಕರು ಬಹಳ ದಿನದ ಮೇಲೆ ಇಷ್ಟು ನಕ್ಕೆ ಎಂದು ಕಾರ್ಡು ಹಾಕಿದ್ದರು.

ಸಿದ್ದು ಅಕ್ಕನನ್ನು ಕಲ್ಲಿನ ಸ್ಥಾನದಿಂದ ಇಳಿಸಿ, ಬೇರೆ ಬೇರೆ ಹೆಂಗಸರದನ್ನು ಕೂಡಿಸಿ ಹೊಸ ಮಾದರಿ ಮಾಡಿಕೊಂಡಿದ್ದ. ಅಕ್ಕನ ಸೀಸೆಯನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮುಂಬೈಯಿಂದ ಮರಳಿದ ಮೇಲೆ ಒಂದೊಂದು ಸೋಮವಾರವೂ ನಾನು ಬಣ್ಣ ಕೇಳುತ್ತಿರಲಿಲ್ಲ, "ಎಷ್ಟು ನೀರಿಗಿ?" ಎಂದಷ್ಟೇ ಕೇಳುತ್ತಿದ್ದೆ. ಸಾವಿರ ಪಾಲಿಗೆ ನೀಲಿಯಾಗುತ್ತಿದ್ದದ್ದು ನೂರಕ್ಕೆ ಮಾತ್ರ ಆಯಿತು. ಆಮೇಲೆ ಹತ್ತಕ್ಕೆ. ನೀನು ಮೆಟ್ಟಿಲಿಳಿದು ಹೋಗುತ್ತಿದ್ದೆ. ಒಂದು ಸಂಜೆ ಗಾಡಿಯಿಂದ ಇಳಿದವನ ಕುತ್ತಿಗೆ ನೆಟ್ಟಗಿತ್ತು. ನೀರೇ ಹಾಕದಿದ್ದರೂ ಕೆಂಪು. ಮುಂದಿನ ಸೋಮವಾರವೂ ಕೆಂಪು. ಅದರ ಮುಂದಿನದೂ.

ಅದರ ಮುಂದಿನ ಸೋಮವಾರ ಅವನು ಗಾಡಿಯಿಂದ ಇಳಿದು ಬೆಂಚಿನ ಮೇಲೆ ಕುಸಿದ. "ಮಾಮಾ, ನೀಲಿ."

ಮನೆಯಲ್ಲಿ ಹೇಳಿದೆವು. ನಾಗವ್ವ ಒಲೆಯ ಮೇಲಿನ ಹಂಚು ಇಳಿಸಿದಳು. "ಮತ್ತ ಬಂತೇನು" ಎಂದಳು, ಚೀಲ ಮರೆತು ತಿರುಗಿ ಬಂದ ಬೀಗರ ಬಗ್ಗೆ ಹೇಳುವ ಹಾಗೆ. ಟ್ರಂಕು ಎಳೆದು ಮುಂಬೈಗೆಂದು ಸೀರೆ ಮಡಿಸತೊಡಗಿದಳು. ಕಪಾಟಿನ ಕೊನೆಯಲ್ಲಿದ್ದ ಹಸಿರು ಇಳಕಲ್ ಸೀರೆಯನ್ನು ತೆಗೆದು ನನ್ನ ಕೈಯಲ್ಲಿಟ್ಟಳು. "ಇದನ್ನ ಕಾಶವ್ವಕ್ಕನ ಮಗಳಿಗಿ ಕೊಡ್ರಿ. ನಾ ಬರೂದು ಖಾತ್ರಿ ಇಲ್ಲ." ನಾನು ಅದನ್ನು ಕಾಶವ್ವನ ಮನೆಗೆ ಒಯ್ಯದೆ ದಿಂಬಿನ ಕೆಳಗಿಟ್ಟು ಮಲಗಿದೆ.

ಮರುದಿನ ಸಿದ್ದು ಬೆಳಗಿನ ಮೊದಲ ಗಾಡಿಗೆ ಹೋದ. ಅದೇ ಸೀಸೆಯಲ್ಲಿ ಉಳಿದಿದ್ದನ್ನು ಇನ್ನೊಂದು ಬಗೆಯ ಬಂಗಾರಕ್ಕೆ ಹಾಕಿ ನೋಡಿದ. ನಿನ್ನನ್ನು ಹಿಡಿಯುವ ಕೈಗಳೇ ಇಲ್ಲದ, ಬೇರೆ ಲೇಪ ಕೊಟ್ಟ ಬಂಗಾರ. ಅದು ನಿನ್ನನ್ನು ಗುರುತಿಸುವಂತೆಯೇ ಇಲ್ಲ. ಅದೂ ನೀಲಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಓಡುತ್ತಲೇ ಮನೆಗೆ ಬಂದ. ಕಾಶವ್ವ ನಮ್ಮಲ್ಲೇ ಕುಳಿತಿದ್ದಳು.

"ಅಕ್ಕಾ, ಬಾಟಲ್ಯಾಗ ಏನರೆ ಹಾಕಿದ್ದೇನು?"

ನಾಗವ್ವ ಇಲ್ಲವೆಂದು ತಲೆಯಾಡಿಸಿದಳು. ಕಾಶವ್ವ ಸೆರಗು ಸರಿಪಡಿಸಿಕೊಂಡು ಹೇಳಿದಳು: "ಆಕಿ ಏನೂ ಹಾಕಿಲ್ಲೋ ತಮ್ಮಾ. ನಾ ಹಾಕೀನಿ. ಸಾಲಾಗಿ ಕೆಂಪ ಬರಾಕತ್ತಿತ್ತಲ್ಲ, ಯಾರ ಕಣ್ಣರೆ ಬಿದ್ದೀತಂತ ಒಂದ ಹಿಡಿ ಉಪ್ಪ ನಿವಾಳಿಸಿ ಅದರಾಗನ ಹಾಕಿದ್ನಿ. ಒಲ್ಯಾಗ ಹಾಕೂದಿತ್ತು ಖರೆ, ಆದ್ರ ದೃಷ್ಟಿ ಆಗೂದು ಬಾಟಲಿಗಿ ಅಲ್ಲೇನು?"

ಉಪ್ಪು ಹೆಚ್ಚಾದರೆ ಆ ಬಂಗಾರ ತಾನಾಗಿಯೇ ಮುದ್ದೆಗಟ್ಟಿ ನೀಲಿಯಾಗುತ್ತದೆ. ನೀನಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಸಿದ್ದು ಮೆಟ್ಟಿಲ ಮೇಲೆ ಕುಳಿತು ನಗತೊಡಗಿದ. ಎಷ್ಟೋ ತಿಂಗಳ ನಗು. ನಡುವೆ ಎಲ್ಲೋ ಅದು ಅಳುವಾಯಿತು, ಯಾವಾಗ ಎಂದು ನಮಗ್ಯಾರಿಗೂ ತಿಳಿಯಲಿಲ್ಲ. ಕಾಶವ್ವ ಗಾಬರಿಯಾಗಿ "ಸಕ್ಕರಿ ಹಾಕಬೇಕಿತ್ತೇನೋ ಹಂಗಾರ?" ಎಂದಳು. ನಾಗವ್ವ ತಮ್ಮನ ತಲೆಯ ಮೇಲೆ ಕೈಯಿಟ್ಟು ಹೇಳಿದಳು: "ಉಪ್ಪಿಗಿ ಇಷ್ಟ ಹೆದರೂ ಬಂಗಾರನ ನಾ ಅಷ್ಟ ವರ್ಷ ಕಿವ್ಯಾಗ ಹಾಕ್ಕೊಂಡಿದ್ನಲ್ಲೋ." ಆ ಸೀರೆ ಮತ್ತೆ ಕಪಾಟಿಗೆ ಹೋಯಿತು.

ಆಮೇಲೆ ಎಂದೂ ನೀಲಿಯಾಗಲಿಲ್ಲ. ವಾರಗಳು ಹೋಗಿ ತಿಂಗಳಿಗೊಮ್ಮೆ ಆಯಿತು. ನಾಗವ್ವನ ತಲೆಗೂದಲು ಗುಂಗುರಾಗಿ ಬೆಳೆಯಿತು. ಮೊನ್ನೆ ಶುಕ್ರವಾರ ಡಾಕ್ಟರಬಾಯಿ ಕೊನೆಯ ಪರೀಕ್ಷೆ ನೋಡಿ "ಆತಾ ಸಂಪಲಂ" ಎಂದರು. ಇನ್ನು ಮುಗಿಯಿತು, ಈಕೆಗೆ ಭಯವಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಕಂಡವರಿಗೆಲ್ಲ ಪೇಢೆ ಕೊಟ್ಟೆ. ಒಬ್ಬ ಮುದುಕ ಪೇಢೆ ಬಾಯಿಗೆ ಹಾಕಿಕೊಂಡು "ಮುಲಗಾ ಕೀ ಮುಲಗೀ?" ಎಂದು ಕೇಳಿದ, ಗಂಡೋ ಹೆಣ್ಣೋ ಎಂದು. ನಾನು ಅವನಿಗೆ ಇನ್ನೊಂದು ಪೇಢೆ ಕೊಟ್ಟೆ. ತನ್ನ ಕೂಸಿನ ಹನಿಯಷ್ಟು ಗುರುತೂ ಉಳಿದಿಲ್ಲವೆಂದು ಸಿಹಿ ಹಂಚಿದ ಅಪ್ಪ ನನ್ನ ಹೊರತು ಇನ್ನೊಬ್ಬನಿದ್ದರೆ ಅವನನ್ನು ಒಮ್ಮೆ ನೋಡಬೇಕು.

ನಾಗವ್ವ ಪೇಢೆ ತಿನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಖಡಕಿ ದಾಟಿದ ಮೇಲೆ ಕೇಳಿದಳು:

"ಒಂದ ಹನಿನೂ ಇಲ್ಲಂತೇನ್ರಿ?"

"ಇಲ್ಲ."

"ಹಂಗಾರ ಈಗ ನನ್ನೊಳಗ ಯಾರೂ ಇಲ್ಲ."

ನಿಗಡಿಗೆ ಬಂದು ಇಳಿಯುವಾಗ ಮತ್ತೆ ಹೇಳಿದಳು: "ಒಮ್ಮೆ ನೋಡಿ ಬರೂಣು ನಡೀರಿ."

ಹಾಗೆ ನಿನ್ನೆ ನಿನ್ನ ಕಾಲೇಜಿಗೆ ಬಂದಿದ್ದೆವು. ಡಾಕ್ಟರಬಾಯಿಯ ಚೀಟಿ ಇತ್ತು. ನಾಗವ್ವ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಬಾಗಿಲಲ್ಲಿದ್ದ ಮುದಿ ಸಿಪಾಯಿ "ತುಮ್ಹೀ ಕೋಣ?" ಎಂದ. ನೀವು ಯಾರು ಎಂಬುದಕ್ಕೆ ಸಾಮಾನ್ಯವಾಗಿ ನನ್ನ ಹತ್ತಿರ ಹತ್ತು ಉತ್ತರ ಇರುತ್ತವೆ. "ನಾತೇವಾಯಿಕ" ಎಂದೆ. ಸಂಬಂಧಿಕರು. ಅವನು ದೀಪ ಹಾಕಿ ಮುಂದೆ ನಡೆದ.

ಕಿಟಕಿಯ ಪಕ್ಕದ ಕಪಾಟು, ನಡುವಿನ ಸಾಲು. ಭರಣಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ನಿನ್ನ ರೋಗದ ಹೆಸರು, ನಿನ್ನ ತಾಯಿಯ ವಯಸ್ಸು. ಹೆಸರಿಲ್ಲ. ದ್ರಾಕ್ಷಿ ಎಂಬುದು ನಾನು ಇಟ್ಟುಕೊಂಡದ್ದು, ನಾನೊಬ್ಬನೇ ಕರೆಯುವುದು. ನಾಗವ್ವ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅಳುತ್ತಾಳೆಂದು ನಾನು ಕರವಸ್ತ್ರ ಹಿಡಿದು ನಿಂತಿದ್ದೆ.

"ಬೆಳ್ಳಗದಲ್ರಿ" ಎಂದಳು. "ನಿಮ್ಮಂಗ ಕರ್ರಗಿಲ್ಲ."

ಆಮೇಲೆ ಎರಡೂ ಕೈ ಚಾಚಿ ಭರಣಿಯ ಗಾಜನ್ನು ಮೇಲಿನಿಂದ ಕೆಳಗೆ ಸವರಿದಳು. ಆ ಬೆರಳುಗಳನ್ನು ಮಡಿಸಿ ತನ್ನ ಕಪಾಳದ ಎರಡು ಬದಿಗೆ ಒತ್ತಿ ನೆಟಿಗೆ ಮುರಿದಳು. ಮಕ್ಕಳ ದೃಷ್ಟಿ ತೆಗೆಯುವಾಗ ಮುರಿಯುತ್ತಾರಲ್ಲ, ಹಾಗೆ. ಹತ್ತೂ ಬೆರಳು ಲಟಲಟ ಎಂದವು. ಸಿಪಾಯಿ ನೆಲ ನೋಡುತ್ತ ನಿಂತಿದ್ದ.

ನಿನ್ನಿಂದ ಆಕೆ ಸಾವಿನ ಬಾಗಿಲಿಗೆ ಹೋಗಿ ಬಂದಳು. ನಿನ್ನಿಂದ ಇನ್ನೊಂದು ಮಗುವಿನ ಆಸೆಯೂ ಹೋಯಿತು. ನಾನು ನಿನ್ನನ್ನು ಬೈಯಲೆಂದೇ ಬಂದವನು. ಬರುವಾಗ ದಾರಿಯಲ್ಲಿ ಎರಡು ಚಲೋ ಮಾತು ಸಿದ್ಧಮಾಡಿಕೊಂಡಿದ್ದೆ. ಆ ಬೆರಳಿನ ಸದ್ದಿನಲ್ಲಿ ಎರಡೂ ಮರೆತುಹೋದವು.

ಸಿದ್ದು ಈಗ ಪರೀಕ್ಷೆಗೆ ಹೊಸ ನಿಯಮ ಹಾಕಿದ್ದಾನೆ. ಯಾವ ಹೆಂಗಸಿನದಾದರೂ ತೀರ ತೆಳುವಾದ ಮೇಲೂ ನೀಲಿಯಾದರೆ ಅವಳ ಮನೆಯವರಿಗೆ ಅಭಿನಂದನೆ ಹೇಳುವಂತಿಲ್ಲ, ಮೊದಲು ಡಾಕ್ಟರಿಗೆ ತೋರಿಸಬೇಕು. ನಿನ್ನ ಬೆಂಡೋಲೆಯ ಕೆಂಪು ನೀರು ಇನ್ನೂ ಒಂದಿಷ್ಟು ಉಳಿದಿದೆಯಂತೆ. ಅಕ್ಕನಿಗೆ ಬೇಕೇನು ಎಂದು ಕೇಳಿದ. "ಬ್ಯಾಡ. ಅದರ ಕೆಲಸ ಅದು ಮಾಡಲಿ" ಎಂದಳು. ಬರಿಗಿವಿಯಲ್ಲೇ ಇದ್ದಾಳೆ.

ಈ ಪತ್ರಕ್ಕೆ ಉತ್ತರ ಬರೆಯಬೇಡ. ನಿನ್ನಿಂದ ಇನ್ನು ನಮಗೆ ಯಾವ ಸುದ್ದಿಯೂ ಬಾರದಿರಲಿ, ಯಾವ ಸೋಮವಾರವೂ ಬಾರದಿರಲಿ. ಇದ್ದಲ್ಲೇ ಇರು. ಭರಣಿಯ ಮುಚ್ಚಳ ಬಿಗಿಯಾಗಿರಲಿ. ನಿನ್ನನ್ನು ನೋಡಲು ಬರುವ ಹುಡುಗ ಹುಡುಗಿಯರ ಕಣ್ಣು ಚುರುಕಾಗಲಿ. ಇನ್ನೊಬ್ಬ ತಾಯಿಯ ನೀಲಿಯನ್ನು ಅವರು ಬಳೆ ಏರಿಸುವ ಮೊದಲೇ ಗುರುತಿಸಲಿ. ನಿನಗೆ ಯಾರ ದೃಷ್ಟಿಯೂ ತಾಗುವುದಿಲ್ಲ. ಅದನ್ನು ನಿನ್ನ ಅವ್ವ ತೆಗೆದಿದ್ದಾಳೆ.

ಇಂತು ಹರಸುವ,
ನಿನ್ನ ಅಪ್ಪನಾಗಲು ಹೊರಟಿದ್ದ
ಗೂಳಪ್ಪ